ಮಧುಮೇಹಿಯ ಮೈತೂಕ ಮತ್ತು ಪಾರ್ಶ್ವವಾಯು

ಆಚಾರ್ಯ ಸಮಂತಭದ್ರರನ್ನು ಕುರಿತು ಜೈನ ಪರಂಪರೆಯಲ್ಲಿ ಒಂದು ಕಥೆ ಪ್ರಸಿದ್ಧವಾಗಿದೆ. ದೇವಚಂದ್ರನ ಕನ್ನಡ ‘ರಾಜಾವಳೀ ಕಥೆ’ಯಲ್ಲಿಯೂ ಅದು ಬರುತ್ತದೆ. ಮುನಿದೀಕ್ಷೆಯಲ್ಲಿದ್ದ ಅವರಿಗೆ ಭಸ್ಮಕವೆಂಬ ವ್ಯಾಧಿ ಅಡರಿತು. ಉಂಡುದೆಲ್ಲ ಜಠರಾಗ್ನಿಯಲ್ಲಿ ಬೂದಿಯಾಗಿ, ಎಷ್ಟು ಉಂಡರೂ ಹಸಿವು ಅಡಗದಾಯಿತು. ಮುನಿಚರ್ಯೆಗೆ ತಕ್ಕ ಮಿತಾಹಾರದಿಂದ ಆ ರೋಗ ಶಮನವಾಗುವಂತಿರಲಿಲ್ಲ. ಆಗ ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಇವರಿಂದ ಧರ್ಮಪ್ರಭಾವನೆ ಆಗಬೇಕಾಗಿದೆಯೆಂದು ಅರಿತು, ಮೊದಲು ರೋಗವನ್ನು ನೀಗಿಕೊಂಡು ಅನಂತರ ಮರಳಿ ದೀಕ್ಷೆ ಪಡೆಯುವಂತೆ ಅಪ್ಪಣೆ ಕೊಟ್ಟರು.

ಈ ಕಥೆಯಲ್ಲಿ ಗೃಹಸ್ಥರಿಗೂ ಒಂದು ಪಾಠವಿದೆ. ಅದೇ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ಸಂದರ್ಭಗಳು ಹೇಳಲ್ಪಟ್ಟಿವೆ. ಆದರೆ ಅವು ಪ್ರತೀಕಾರವಿಲ್ಲದವು ಆಗಿರಬೇಕೆಂಬ ವಿಶೇಷಣವೂ ಜೊತೆಗಿದೆ. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರ ಮಾಡಿಕೊಳ್ಳುವುದೇ ವಿವೇಕ. ಇಂದು ಮನೆಮನೆಯಲ್ಲಿ ಕಾಣಿಸಿಕೊಂಡಿರುವ ಮಧುಮೇಹವು, ಅಂದರೆ ಸಕ್ಕರೆ ರೋಗವು, ಪೂರ್ಣವಾಗಿ ಹೋಗದಿದ್ದರೂ ಪ್ರತೀಕಾರವಿರುವ ರೋಗ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ವ್ರತನಿಷ್ಠ ಕುಟುಂಬಗಳೂ ಇದಕ್ಕೆ ಹೊರತಲ್ಲ.

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದ ಕೊನೆಯಲ್ಲಿ ಹುಬ್ಬಳ್ಳಿ-ಧಾರವಾಡದ ಬಸದಿಗಳ ಅಂಗಳದಲ್ಲಿ ವ್ರತಿಗಳ ಕುಶಲ ವಿಚಾರಿಸುವಾಗ, “ಹತ್ತು ದಿನದಾಗ ಐದು ಕಿಲೋ ಇಳಿದಾರ್ರೀ. ಸಕ್ಕರಿ ರೋಗಾನೂ ಹಂಗ ಇಳಿದಿರಬೇಕು ಬಿಡ್ರಿ” ಎಂಬಂತಹ ಮಾತು ಕೇಳಿಬರುವುದುಂಟು. ಹೇಳುವವರ ಮನಸ್ಸಿನಲ್ಲಿ ಸದ್ಭಾವವೇ ಇರುತ್ತದೆ. ಆದರೆ ತೂಕ ಇಳಿದ ಮಾತ್ರಕ್ಕೆ ಮಧುಮೇಹಿಯ ಅಪಾಯ, ಅದರಲ್ಲಿಯೂ ಪಾರ್ಶ್ವವಾಯುವಿನ ಅಪಾಯ, ಇಳಿಯಿತೆಂದು ತಿಳಿಯುವುದು ಸರಿಯೆ? ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಸ್ತುತ ಪಾಠದ ಉದ್ದೇಶ.

ಪಾರ್ಶ್ವವಾಯು ಹೇಗೆ ಉಂಟಾಗುತ್ತದೆ?

ಜನಸಾಮಾನ್ಯರು ಲಕ್ವಾ ಎಂದು ಕರೆಯುವ ಪಾರ್ಶ್ವವಾಯು ಮೆದುಳಿನ ರೋಗ. ಕೈಕಾಲು ಬಿದ್ದುಹೋಗುವುದು ಅದರ ಪರಿಣಾಮ ಮಾತ್ರ. ಮೆದುಳಿಗೆ ರಕ್ತವನ್ನು ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಹರಿವು ನಿಂತರೆ, ಇಲ್ಲವೆ ನಾಳವು ಒಡೆದು ರಕ್ತ ಹೊರಚೆಲ್ಲಿದರೆ, ಆ ಭಾಗದ ಮೆದುಳು ಕೆಲವೇ ನಿಮಿಷಗಳಲ್ಲಿ ಕೆಡಲು ತೊಡಗುತ್ತದೆ. ಇವೆರಡರಲ್ಲಿ ಮೊದಲನೆಯದೇ ಹೆಚ್ಚು ಜನರಲ್ಲಿ ಕಾಣುವುದು.

ರಕ್ತದಲ್ಲಿ ಸಕ್ಕರೆಯ ಅಂಶ ವರ್ಷಾನುಗಟ್ಟಲೆ ಮಿತಿಮೀರಿದ್ದರೆ ರಕ್ತನಾಳಗಳ ಒಳಪದರ ಕೆಡುತ್ತದೆ. ಕೆಟ್ಟ ಜಾಗದಲ್ಲಿ ಕೊಬ್ಬು ಸೇರಿ ನಾಳ ಕಿರಿದಾಗುತ್ತದೆ. ರಕ್ತವು ಬೇಗನೆ ಹೆಪ್ಪುಗಟ್ಟುತ್ತದೆ. ಇದರೊಡನೆ ರಕ್ತದೊತ್ತಡವೂ ಏರಿದ್ದರೆ ದುರ್ಬಲವಾದ ನಾಳದ ಮೇಲೆ ಹಗಲಿರುಳೂ ಪೆಟ್ಟು ಬಿದ್ದಂತಾಗುತ್ತದೆ. ಆದುದರಿಂದಲೇ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿನ ಸಂಭವ ಮಧುಮೇಹವಿಲ್ಲದವರಿಗಿಂತ ಮಧುಮೇಹಿಗಳಲ್ಲಿ ಸುಮಾರು ಎರಡು ಪಟ್ಟು ಹೆಚ್ಚು ಎಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ.

ತೂಕದ ಲೆಕ್ಕದಲ್ಲಿರುವ ತೊಡಕು

ದೇಹದ ತೂಕ ಎತ್ತರಕ್ಕೆ ಹೊಂದುವುದೋ ಇಲ್ಲವೋ ಎಂಬುದನ್ನು ತಿಳಿಯಲು ವೈದ್ಯರು ಬಿ.ಎಂ.ಐ. ಎಂಬ ಲೆಕ್ಕವನ್ನು ಬಳಸುತ್ತಾರೆ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಅದು ದೊರೆಯುತ್ತದೆ. ಉದಾಹರಣೆಗೆ, 1.65 ಮೀಟರ್ ಎತ್ತರ ಹಾಗೂ 61 ಕಿಲೋ ತೂಕವಿರುವ ವ್ಯಕ್ತಿಯ ಸಂಖ್ಯೆ 22.4 ಆಗುತ್ತದೆ. ಪಾಶ್ಚಾತ್ಯರಿಗೆ 25ರವರೆಗೆ ಸಹಜವೆಂದು ಎಣಿಸಿದರೂ ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಸ್ಥೂಲಕಾಯ ಎಂದು ನಮ್ಮ ದೇಶದ ವೈದ್ಯರು ನಿಶ್ಚಯಿಸಿದ್ದಾರೆ.

ಹೀಗೆ ಬೇರೆ ಮಿತಿ ಏಕೆ ಬೇಕಾಯಿತೆಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಹಾಗೂ ಲಂಡನ್ನಿನ ವೈದ್ಯ ಜಾನ್ ಯುಡ್‌ಕಿನ್ ಇಬ್ಬರೂ 2004ರಲ್ಲಿ ತಮ್ಮ ಭಾವಚಿತ್ರವನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಕ್ಕಪಕ್ಕ ಪ್ರಕಟಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಆದರೆ ದೇಹದಲ್ಲಿದ್ದ ಕೊಬ್ಬಿನ ಪ್ರಮಾಣ ಯುಡ್‌ಕಿನ್ನರಲ್ಲಿ ನೂರಕ್ಕೆ 9.1 ಇದ್ದರೆ ಯಾಜ್ಞಿಕರಲ್ಲಿ 21.2 ಇದ್ದಿತು. ತಕ್ಕಡಿ ಇಬ್ಬರನ್ನೂ ಸಮಾನವೆಂದಿತು. ಒಳಗಿನ ಸಂಗತಿ ಬೇರೆಯಾಗಿತ್ತು. ಕೈಕಾಲು ತೆಳ್ಳಗಿದ್ದು ಹೊಟ್ಟೆಯ ಒಳಗೆ ಕೊಬ್ಬು ಸೇರಿಕೊಳ್ಳುವುದು ಭಾರತೀಯರಲ್ಲಿ ಸಾಮಾನ್ಯ. ತೆಳ್ಳಗೆ ಕಾಣುವವರಿಗೂ ಮಧುಮೇಹ ಬರುವ ರಹಸ್ಯ ಬಹುಮಟ್ಟಿಗೆ ಇಲ್ಲಿದೆ.

ಇನ್ನೊಂದು ಸಂಗತಿ ಓದುಗರಿಗೆ ಆಶ್ಚರ್ಯವನ್ನುಂಟುಮಾಡೀತು. ಅಮೆರಿಕದ ಲೂಯಿಸಿಯಾನ ರಾಜ್ಯದ ಸಾವಿರಾರು ಮಧುಮೇಹಿಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿ.ಎಂ.ಐ. ಹೆಚ್ಚಿದ್ದವರಿಗಿಂತ ಕಡಿಮೆಯಿದ್ದವರಲ್ಲಿಯೇ ಪಾರ್ಶ್ವವಾಯು ಹೆಚ್ಚಾಗಿ ಕಂಡಿತು. ಇದನ್ನು ಕೇಳಿ ಸ್ಥೂಲಕಾಯವು ರಕ್ಷಾಕವಚವೆಂದು ತಿಳಿಯುವುದು ದೊಡ್ಡ ತಪ್ಪಾದೀತು. ಮಧುಮೇಹ ಹತೋಟಿ ತಪ್ಪಿದಾಗ ದೇಹವು ಸಕ್ಕರೆಯನ್ನು ಬಳಸಲಾರದೆ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಆಗ ರೋಗಿ ತಾನಾಗಿ ತೆಳ್ಳಗಾಗುತ್ತಾನೆ. ಮೂತ್ರಪಿಂಡದ ರೋಗ, ತಂಬಾಕಿನ ಚಟ, ಇತರ ದೀರ್ಘ ವ್ಯಾಧಿಗಳೂ ತೂಕವನ್ನು ಇಳಿಸುತ್ತವೆ. ಅಂದರೆ ತೆಳ್ಳಗಿರುವವರ ಸಾಲಿನಲ್ಲಿ ಆರೋಗ್ಯವಂತರೂ ಇರುತ್ತಾರೆ, ರೋಗದಿಂದ ಸವೆದವರೂ ಇರುತ್ತಾರೆ. ತೂಕದ ಯಂತ್ರಕ್ಕೆ ಈ ಭೇದ ತಿಳಿಯದು.

ಆದುದರಿಂದ ಮಧುಮೇಹಿಯು ಪ್ರಯತ್ನವಿಲ್ಲದೆ ತೆಳ್ಳಗಾಗುತ್ತಿದ್ದರೆ ಮನೆಯವರು ಸಂತೋಷಪಡದೆ ರಕ್ತಪರೀಕ್ಷೆ ಮಾಡಿಸಬೇಕು.

ಅಳೆಯಬೇಕಾದುದು ಯಾವುದು?

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಪಾಲುಗೊಂಡಿದ್ದ, 22 ದೇಶಗಳ ಒಂದು ದೊಡ್ಡ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಪಾರ್ಶ್ವವಾಯುವಿನ ಹೊರೆಯಲ್ಲಿ ನೂರಕ್ಕೆ ಸುಮಾರು 90 ಭಾಗ 10 ಕಾರಣಗಳಿಗೆ ಸಂಬಂಧಿಸಿದೆ ಎಂದು ಅದು ತೋರಿಸಿತು. ಅವುಗಳಲ್ಲಿ ಮೊದಲನೆಯ ಸ್ಥಾನ ರಕ್ತದೊತ್ತಡದ್ದು. ಮಧುಮೇಹ, ಧೂಮಪಾನ, ಮದ್ಯ, ಆಹಾರದೋಷ, ದೇಹಶ್ರಮದ ಅಭಾವ, ಮನಃಕ್ಲೇಶ, ಹೃದ್ರೋಗ, ರಕ್ತದ ಕೊಬ್ಬು ಇವು ಇತರ ಕಾರಣಗಳು. ಶರೀರದ ಗಾತ್ರಕ್ಕೆ ಸಂಬಂಧಿಸಿದ ಕಾರಣವಾಗಿ ನಿಂತದ್ದು ಬಿ.ಎಂ.ಐ. ಅಲ್ಲ, ಹೊಟ್ಟೆಯ ಬೊಜ್ಜು.

ಹೊಟ್ಟೆಯ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದೆಂಬುದು ಭಾರತೀಯರಿಗೆ ಹೇಳಿರುವ ಮಿತಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟು ಅಳೆಯಬೇಕು. ದರ್ಜಿಯ ಅಳತೆಪಟ್ಟಿಯೊಂದಿದ್ದರೆ ಸಾಕು.

ರಕ್ತದೊತ್ತಡದ ಮಹತ್ವವನ್ನು ತಿಳಿಯಲು ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಬೇಕು. ರಕ್ತದೊತ್ತಡವೂ ಇದ್ದ 1148 ಮಧುಮೇಹಿಗಳನ್ನು ಎರಡು ಗುಂಪು ಮಾಡಿ ಚಿಕಿತ್ಸೆ ನೀಡಲಾಯಿತು. ಒಂದು ಗುಂಪಿನ ಸರಾಸರಿ ಒತ್ತಡ 154/87 ಇದ್ದರೆ, ಬಿಗಿಯಾದ ಹತೋಟಿಯಲ್ಲಿದ್ದ ಗುಂಪಿನದು 144/82. ಇಷ್ಟೇ ಅಂತರದಿಂದ ಎರಡನೆಯ ಗುಂಪಿನಲ್ಲಿ ಪಾರ್ಶ್ವವಾಯು ನೂರಕ್ಕೆ 44ರಷ್ಟು ಕಡಿಮೆಯಾಯಿತು.

ಇದಕ್ಕೆ ಪ್ರತಿಯಾಗಿ ತೂಕ ಇಳಿಸುವುದನ್ನೇ ಮುಖ್ಯವಾಗಿಟ್ಟುಕೊಂಡ ಪ್ರಯೋಗವೊಂದು ಅಮೆರಿಕದಲ್ಲಿ ನಡೆಯಿತು. ಅಧಿಕ ತೂಕದ 5145 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರಿಗೆ ಆಹಾರ ಮತ್ತು ವ್ಯಾಯಾಮದ ಕಟ್ಟುನಿಟ್ಟಾದ ಶಿಕ್ಷಣ ನೀಡಲಾಯಿತು. ಮೊದಲ ವರ್ಷ ಅವರ ತೂಕ ಸರಾಸರಿ ನೂರಕ್ಕೆ 8.6ರಷ್ಟು ಇಳಿಯಿತು. ಸಕ್ಕರೆಯ ಹತೋಟಿ, ನಡೆಯುವ ಶಕ್ತಿ ಮೊದಲಾದವು ಸುಧಾರಿಸಿದವು. ಆದರೆ ಸುಮಾರು ಹತ್ತು ವರ್ಷಗಳ ಬಳಿಕ ನೋಡಿದಾಗ ಹೃದಯಾಘಾತ, ಪಾರ್ಶ್ವವಾಯು ಮುಂತಾದ ಆಘಾತಗಳ ಒಟ್ಟು ಲೆಕ್ಕದಲ್ಲಿ ಎರಡು ಗುಂಪುಗಳಿಗೂ ಗಣನೀಯ ಅಂತರ ಕಾಣಲಿಲ್ಲ. ಇದರ ವರದಿ 2013ರಲ್ಲಿ ಪ್ರಕಟವಾಯಿತು.

ಈ ಎರಡನ್ನೂ ಕೂಡಿಸಿ ನೋಡಿದರೆ ತಾತ್ಪರ್ಯ ಸ್ಪಷ್ಟವಾಗುತ್ತದೆ. ಅಧಿಕ ತೂಕವನ್ನು ನಿಧಾನವಾಗಿ ಇಳಿಸುವುದು ಒಳ್ಳೆಯದು. ಅದರಿಂದ ಔಷಧಿ ಕಡಿಮೆಯಾಗಬಹುದು, ಮಂಡಿನೋವು ತಗ್ಗಬಹುದು. ಆದರೆ ಪಾರ್ಶ್ವವಾಯುವನ್ನು ದೂರವಿಡುವುದು ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು ಇವೆಲ್ಲವನ್ನೂ ಒಟ್ಟಾಗಿ ಹತೋಟಿಯಲ್ಲಿಡುವ ನಿತ್ಯಶಿಸ್ತು. ತೂಕವೊಂದೇ ಅದರ ಅಳತೆಗೋಲಲ್ಲ.

ಉಪವಾಸದ ದಿನ ದೇಹದಲ್ಲಿ ನಡೆಯುವುದೇನು?

ಖಾದ್ಯ, ಸ್ವಾದ್ಯ, ಲೇಹ್ಯ, ಪೇಯವೆಂಬ ಚತುರ್ವಿಧಾಹಾರಗಳ ತ್ಯಾಗವೇ ಉಪವಾಸ. ನೀರನ್ನೂ ಬಿಡುವ ಈ ಉಪವಾಸವನ್ನು ಆರೋಗ್ಯವಂತನು ಅಷ್ಟಮಿ-ಚತುರ್ದಶಿಗಳಂದು ಆಚರಿಸುವುದು ಬೇರೆ; ಔಷಧಿ ಸೇವಿಸುವ ಮಧುಮೇಹಿಯು ಆಚರಿಸುವುದು ಬೇರೆ.

ಸಕ್ಕರೆ ಏರಿದ್ದರೆ ಮೂತ್ರದಲ್ಲಿ ನೀರು ಹೆಚ್ಚಾಗಿ ಹೊರಹೋಗುತ್ತದೆ. ಅದರ ಮೇಲೆ ಇಡೀ ದಿನ ನೀರನ್ನೂ ಕುಡಿಯದಿದ್ದರೆ ದೇಹ ಒಣಗಿ ರಕ್ತ ಮಂದವಾಗುತ್ತದೆ. ಕಿರಿದಾದ ನಾಳಗಳಲ್ಲಿ ಹೆಪ್ಪುಗಟ್ಟುವ ಸಂಭವ ಹೆಚ್ಚುತ್ತದೆ. ಹತ್ತು ದಿನಗಳಲ್ಲಿ ಇಳಿಯುವ ಐದು ಕಿಲೋಗಳಲ್ಲಿ ಬಹುಭಾಗ ಇಂತಹ ನೀರು ಮತ್ತು ಸ್ವಲ್ಪ ಮಾಂಸಖಂಡವೇ ಹೊರತು ಹೊಟ್ಟೆಯ ಬೊಜ್ಜಲ್ಲ. ಪಾರಣೆಯಾದ ಕೆಲವು ದಿನಗಳಲ್ಲಿ ಅದು ಮರಳಿ ಬರುತ್ತದೆ. ಪಾರಣೆಯ ಎಲೆಯಲ್ಲಿ ಹೋಳಿಗೆ, ಶಿರಾ, ಧಾರವಾಡ ಪೇಡಾ ಒಮ್ಮೆಲೇ ಬಿದ್ದರೆ ಸಕ್ಕರೆಯೂ ಒಮ್ಮೆಲೇ ಏರುತ್ತದೆ.

ಎರಡನೆಯ ಅಪಾಯ ಸಕ್ಕರೆ ಅತಿಯಾಗಿ ಇಳಿಯುವುದು. ಇನ್ಸುಲಿನ್ ಚುಚ್ಚಿಕೊಳ್ಳುವವರು ಹಾಗೂ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಗುಳಿಗೆ ಸೇವಿಸುವವರು ಊಟ ಬಿಟ್ಟರೆ ಬೆವರು, ನಡುಕ, ಮಂಕು, ತೊದಲು ಉಂಟಾಗಿ ಮೂರ್ಛೆಯೂ ಬರಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಗುಳಿಗೆಗಳನ್ನು ಸೇವಿಸುವವರಲ್ಲಿ ದೀರ್ಘ ಉಪವಾಸದಿಂದ ರಕ್ತವು ಆಮ್ಲಮಯವಾಗುವ ಅಪಾಯವಿದೆ. ಯಾವ ಗುಳಿಗೆಯನ್ನು ಎಂದು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ಉಪವಾಸವೆಂದು ರಕ್ತದೊತ್ತಡದ ಗುಳಿಗೆಯನ್ನು ತಾನಾಗಿ ಬಿಡುವುದಂತೂ ಪಾರ್ಶ್ವವಾಯುವಿಗೆ ಬಾಗಿಲು ತೆರೆದಂತೆ.

ರಾತ್ರಿಭೋಜನತ್ಯಾಗದ ವಿಷಯದಲ್ಲಿಯೂ ಒಂದು ಸೂಕ್ಷ್ಮವಿದೆ. ಚಳಿಗಾಲದಲ್ಲಿ ಈ ಭಾಗದ ಜೈನ ಮನೆಗಳಲ್ಲಿ ಸಂಜೆ ಐದೂವರೆಗೆ ಊಟ ಮುಗಿದರೆ ಮರುದಿನದ ಆಹಾರ ಬೆಳಗಿನ ಏಳೂವರೆಗೆ. ನಡುವಿನ ಅವಧಿ 14 ಗಂಟೆ. ವೈದ್ಯರು ‘ರಾತ್ರಿ ಊಟಕ್ಕೆ ಮುಂಚೆ’ ಎಂದು ಬರೆದ ಗುಳಿಗೆಯನ್ನು ಎಂಟು ಗಂಟೆಗೆ ನುಂಗಿದರೆ ಅದರ ಬಲವೆಲ್ಲ ಬರಿಹೊಟ್ಟೆಯ ಮೇಲೆ ಬೀಳುತ್ತದೆ. ಆದುದರಿಂದ ತಮ್ಮ ಊಟದ ವೇಳೆಯನ್ನು ವೈದ್ಯರಿಗೆ ತಿಳಿಸಿ ಗುಳಿಗೆಯ ವೇಳೆಯನ್ನು ಹೊಂದಿಸಿಕೊಳ್ಳಬೇಕು. ವ್ರತವೂ ಉಳಿಯುತ್ತದೆ, ದೇಹವೂ ಉಳಿಯುತ್ತದೆ.

ಶಕ್ತಿಗೆ ತಕ್ಕ ತಪಸ್ಸು

ಹಾಗಾದರೆ ಮಧುಮೇಹಿಗೆ ತಪಸ್ಸೇ ಇಲ್ಲವೆ? ಉಂಟು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಆರು ಬಾಹ್ಯತಪಗಳಲ್ಲಿ ಅನಶನ ಒಂದು ಮಾತ್ರ. ಅದರ ಪಕ್ಕದಲ್ಲಿಯೇ ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗಗಳಿವೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ‘ಶಕ್ತಿತಃ’ ಎಂಬ ಪದವೂ ಸೇರಿದೆ. ಶಕ್ತಿಯನ್ನು ಮುಚ್ಚಿಡಬಾರದು, ಮೀರಲೂಬಾರದು ಎಂದು ಅದರ ಭಾವ.

ಅವಮೌದರ್ಯವೆಂದರೆ ಹೊಟ್ಟೆತುಂಬ ಉಣ್ಣದೆ ಕಡಿಮೆ ಉಣ್ಣುವುದು. ಮೂಲಾಚಾರದಲ್ಲಿ ಪುರುಷನ ಪೂರ್ಣಾಹಾರವನ್ನು 32 ತುತ್ತು ಎಂದು ಎಣಿಸಿ, ಅದರಲ್ಲಿ ಒಂದೊಂದಾಗಿ ಕಡಿಮೆ ಮಾಡುವ ಕ್ರಮವನ್ನು ಹೇಳಿದೆ. ಅನ್ನ-ರೊಟ್ಟಿಗಳಲ್ಲಿ ಪ್ರತಿದಿನ ನಾಲ್ಕು ತುತ್ತು ಬಿಟ್ಟು, ಬೇಳೆಕಾಳು, ತರಕಾರಿಗಳನ್ನು ಉಳಿಸಿಕೊಳ್ಳುವ ನಿಯಮವನ್ನು ವರ್ಷವಿಡೀ ಪಾಲಿಸುವುದು ಹತ್ತು ದಿನಗಳ ನಿರ್ಜಲ ಉಪವಾಸಕ್ಕಿಂತ ಸುಲಭವೆಂದು ಯಾರೂ ಹೇಳಲಾರರು. ಹೊಟ್ಟೆಯ ಬೊಜ್ಜು ಕರಗುವುದು ಇಂತಹ ನಿಯಮದಿಂದ.

ರಸಪರಿತ್ಯಾಗದಲ್ಲಿ ಬಿಡಬೇಕೆಂದು ಹೇಳಿರುವ ಆರು ರಸಗಳು ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ ಹಾಗೂ ಉಪ್ಪು. ಮಧುಮೇಹಿಯು ಸಿಹಿಯನ್ನು ಬಿಟ್ಟರೆ ಸಕ್ಕರೆ ಇಳಿಯುತ್ತದೆ. ಉಪ್ಪನ್ನು ಕಡಿಮೆ ಮಾಡಿದರೆ ರಕ್ತದೊತ್ತಡ ಇಳಿಯುತ್ತದೆ. ತುಪ್ಪ-ಎಣ್ಣೆಗಳನ್ನು ಮಿತಗೊಳಿಸಿದರೆ ಬೊಜ್ಜು ಕಡಿಮೆಯಾಗುತ್ತದೆ. ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹಪ್ಪಳ, ಸಂಡಿಗೆ, ಚಟ್ನಿಪುಡಿಗಳಲ್ಲಿರುವ ಉಪ್ಪೂ ಈ ಲೆಕ್ಕದಲ್ಲಿಯೇ ಸೇರಬೇಕು. ಇದರೊಡನೆ ಉಣಕಲ್ ಕೆರೆ ಅಥವಾ ಕೆಲಗೇರಿ ಕೆರೆಯ ದಂಡೆಯಲ್ಲಿ ದಿನಕ್ಕೆ ಅರ್ಧ ಗಂಟೆ ನಡೆಯುವುದನ್ನು ರೂಢಿಸಿಕೊಳ್ಳಬಹುದು.

ನಿಃಶಲ್ಯನೇ ವ್ರತಿ

ಮಾಯಾ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿ ಎಂಬುದು ಶಾಸ್ತ್ರಸಮ್ಮತ. ತನಗೆ ಮಧುಮೇಹವಿದೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ ಎಂಬುದನ್ನು ಗುರುಗಳಿಗೆ ಹೇಳದೆ ಮುಚ್ಚಿಟ್ಟು ಉಪವಾಸವನ್ನು ಸ್ವೀಕರಿಸುವುದು ಮಾಯೆಯಲ್ಲವೆ? ತೂಕ ಇಳಿಯಲಿ, ಜನ ಮೆಚ್ಚಲಿ ಎಂಬ ಬಯಕೆಯಿಂದ ಉಪವಾಸ ಮಾಡುವುದು ನಿದಾನದ ನೆರಳಲ್ಲವೆ? ಕರ್ಮನಿರ್ಜರೆಗಾಗಿ ಇರುವ ತಪಸ್ಸನ್ನು ತೂಕದ ಯಂತ್ರದ ಮೇಲೆ ಇಡಬಾರದು. ಹಾಗೆಯೇ ಅದನ್ನು ರೋಗದ ಚಿಕಿತ್ಸೆಯೆಂದು ತಿಳಿದು ಔಷಧಿಯನ್ನು ಬಿಡಬಾರದು. ಮೊದಲು ವೈದ್ಯರಲ್ಲಿ ಕೇಳಿ, ಆ ಮಾತನ್ನು ಗುರುಗಳಿಗೆ ನಿವೇದಿಸಿ, ಅವರು ಅನುಗ್ರಹಿಸಿದಷ್ಟು ವ್ರತವನ್ನು ಸ್ವೀಕರಿಸುವುದು ನಿಃಶಲ್ಯವಾದ ಮಾರ್ಗ. ಮನೆಯ ಹಿರಿಯರು ಉಪವಾಸ ಮಾಡಲಾರದ ಸೊಸೆಯನ್ನಾಗಲಿ ಮಗನನ್ನಾಗಲಿ ಹಳಿಯಬಾರದು.

ಅಪಾಯದ ಚಿಹ್ನೆಗಳು

ಇಷ್ಟೆಲ್ಲ ಎಚ್ಚರದ ನಡುವೆಯೂ ಆಘಾತ ಬರಬಹುದು. ಮುಖದ ಒಂದು ಪಕ್ಕ ಜೋಲುಬೀಳುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ನಡಿಗೆಯ ತೋಲ ತಪ್ಪುವುದು ಪಾರ್ಶ್ವವಾಯುವಿನ ಚಿಹ್ನೆಗಳು. ಉಪವಾಸದ ನಿಶ್ಶಕ್ತಿಯೆಂದು ಬಗೆದು ಮಲಗಿಸಿ ಕಾಯಬಾರದು. ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಒಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಗುಣ. ಆದುದರಿಂದ ಲಕ್ಷಣ ತೋರಿದ ವೇಳೆಯನ್ನು ಗುರುತಿಟ್ಟುಕೊಂಡು, 108ಕ್ಕೆ ಕರೆಮಾಡಿ, ಸಿ.ಟಿ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೇ ಒಯ್ಯಬೇಕು. ಅವಳಿ ನಗರದಲ್ಲಿ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ, 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ, 2003ರಲ್ಲಿ ಆರಂಭವಾದ ಸತ್ತೂರಿನ ಎಸ್.ಡಿ.ಎಂ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ.

ಸಕ್ಕರೆ ಅತಿಯಾಗಿ ಇಳಿದಾಗಲೂ ಇಂತಹವೇ ಚಿಹ್ನೆಗಳು ಕಾಣಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಆಂಬುಲೆನ್ಸ್ ಬರುವುದರೊಳಗೆ ಪರೀಕ್ಷಿಸಬೇಕು. ಸಂಖ್ಯೆ 70ಕ್ಕಿಂತ ಕೆಳಗಿದ್ದು, ರೋಗಿ ಎಚ್ಚರದಿಂದಿದ್ದು ನುಂಗಬಲ್ಲವನಾಗಿದ್ದರೆ, ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕೊಡಬೇಕು. ನುಂಗಲಾರದವನ ಬಾಯಿಗೆ ನೀರನ್ನಾಗಲಿ ಗಂಧೋದಕವನ್ನಾಗಲಿ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿದೀತು. ಬೆರಳಿನಿಂದ ರಕ್ತ ತೆಗೆದು ಪರೀಕ್ಷಿಸುವುದು ಆಹಾರಸೇವನೆಯಲ್ಲ. ಅದರಿಂದ ಉಪವಾಸಕ್ಕೆ ಭಂಗವೆಂಬ ಸಂಕೋಚ ಬೇಡ. ಪ್ರಾಣಾಪಾಯದಲ್ಲಿ ಉಪವಾಸವನ್ನು ಮುರಿಯಬೇಕಾಗಿ ಬಂದರೆ, ಗುಣವಾದ ಮೇಲೆ ಗುರುಗಳಲ್ಲಿ ನಿವೇದಿಸಿ ಪ್ರಾಯಶ್ಚಿತ್ತ ಪಡೆಯಲು ಮಾರ್ಗವಿದೆ. ಪಾರ್ಶ್ವವಾಯುವಿನಿಂದ ಮಾತು ಹೋದವನಿಗೆ ಸ್ವಾಧ್ಯಾಯವೂ ಕಷ್ಟ, ಜಪವೂ ಕಷ್ಟ. ಮುಂದಿನ ಎಷ್ಟೋ ಪರ್ವಗಳ ಸಾಧನೆ ಒಂದೇ ದಿನದ ಅವಿವೇಕದಿಂದ ತಪ್ಪಿಹೋಗುತ್ತದೆ. ಸಮಂತಭದ್ರರ ಗುರುಗಳು ಶಿಷ್ಯನ ಇಡೀ ಬಾಳನ್ನು ಮುಂದಿಟ್ಟು ಯೋಚಿಸಿ ಅಪ್ಪಣೆ ಕೊಟ್ಟರು. ಗೃಹಸ್ಥನೂ ತನ್ನ ವ್ರತವನ್ನು ಹಾಗೆಯೇ ಯೋಚಿಸಿ ಸ್ವೀಕರಿಸಬೇಕು.

ಮನನಕ್ಕೆ ಪ್ರಶ್ನೆಗಳು

1. ಒಂದೇ ಬಿ.ಎಂ.ಐ. ಇದ್ದ ಇಬ್ಬರು ವೈದ್ಯರ ದೇಹಗಳಲ್ಲಿ ಕಂಡುಬಂದ ಭೇದವೇನು?

2. ಮನೆಯಲ್ಲಿರುವ ಮಧುಮೇಹಿಯ ಹೊಟ್ಟೆಯ ಸುತ್ತಳತೆ ಎಷ್ಟು? ರಕ್ತದೊತ್ತಡವನ್ನು ಕೊನೆಯ ಬಾರಿ ಅಳೆದದ್ದು ಯಾವಾಗ?

3. ಅವರು ಸೇವಿಸುವ ಗುಳಿಗೆಗಳ ಹೆಸರೇನು? ಸಂಜೆಯ ಊಟದ ವೇಳೆ ವೈದ್ಯರಿಗೆ ತಿಳಿದಿದೆಯೆ?

4. ಆರು ರಸಗಳಲ್ಲಿ ಯಾವುದನ್ನು ಬಿಡುವುದರಿಂದ ರಕ್ತದೊತ್ತಡ ಇಳಿಯುತ್ತದೆ?

5. ವ್ರತಿಯು ತೊರೆಯಬೇಕಾದ ಮೂರು ಶಲ್ಯಗಳಾವುವು? ರೋಗವನ್ನು ಮುಚ್ಚಿಟ್ಟು ವ್ರತ ಸ್ವೀಕರಿಸುವುದು ಯಾವುದರಲ್ಲಿ ಸೇರುತ್ತದೆ?